ಶಿಪ್ರಾ, ಪೂಗಾ ಮತ್ತು ನಮ್ಮ ಲೇಬರ್ ರೂಮು

ಪಿಯುಸಿ ರಿಸಲ್ಟ್ ಬಂತು ಅಂದ್ರೆ ನಮ್ಮ ಚರ್ಚ್ ಸಭೇಲಿ ಒಬ್ರೋ ಇಬ್ರೋ ಹುಡ್ಗೀರು ಅಮ್ಮನ್ನ ಜೊತೇಲಿ ಕರ್ಕೊಂಡು ನನ್ನ ಹುಡುಕ್ಕೊಂಡು ಬರ್ತಾರೆ. ಅಕ್ಕ, ನರ್ಸಿಂಗ್ ಸೇರ್ಬೇಕು ಅಂತಿದೀನಿ, ಅದ್ರಲ್ಲೂ ಹೆರಿಗೆ ಕಡೆ ಕೆಲ್ಸ ಮಾಡ್ಬೇಕು ಅಂತ ಆಸೆ, ದೇವರು ಕರೀತಿದಾನೆ ಅನ್ಸುತ್ತೆ ಆದ್ರೆ ಅದು ನಿಜವಾಗ್ಲೂ ಕರೆನಾ ಇಲ್ಲಾ ನನ್ನ ಆಸೆನಾ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳ್ತಾರೆ. ಭಾನುವಾರ ಆರಾಧನೆ ಮುಗಿದು ಎಲ್ರೂ ಮನೆಗೆ ಹೊರಡೋ ಗಡಿಬಿಡೀಲಿ ಚರ್ಚ್ ಕಾಂಪೌಂಡಲ್ಲಿ ನಿಂತ್ಕೊಂಡು ಐದು ನಿಮಿಷದಲ್ಲಿ ಹೇಳಿ ಮುಗಿಸೋ ವಿಷ್ಯ ಅಲ್ಲ ಇದು, ಅದಕ್ಕೇ ಕೂತು ಬರೀತಿದೀನಿ.

ನಾನು ಹುಟ್ಟಿ ಬೆಳೆದಿದ್ದು ಹಾಸನ, ಜಿಎನ್‌ಎಂ (ನರ್ಸಿಂಗ್ ಮತ್ತೆ ಹೆರಿಗೆ ಕೆಲ್ಸದ ಡಿಪ್ಲೊಮಾ) ಮಾಡಿದೀನಿ, ಈಗ ಜಿಲ್ಲೆಯ ಮಲೆನಾಡು ಕಡೇಲಿ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಲ್ಲಿ ಸ್ಟಾಫ್ ನರ್ಸ್. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ನಮ್ದು. ಸಂಡೇ ಸ್ಕೂಲಲ್ಲಿ ದಾವೀದ, ದಾನಿಯೇಲ, ನೋಹನ ನಾವೆ ಇದೆಲ್ಲಾ ಬಾಯಿಪಾಠ ಆಗೋ ಅಷ್ಟು ಕೇಳಿದ್ವಿ, ಆದ್ರೆ ಸತ್ಯವೇದದ, ಅಂದ್ರೆ ಬೈಬಲ್ಲಿನ, ವಿಮೋಚನಕಾಂಡದ ಮೊದಲನೇ ಅಧ್ಯಾಯದಲ್ಲಿ ಬರೋ ಇಬ್ರು ಸೂಲಗಿತ್ತಿಯರ ಬಗ್ಗೆ ಯಾರೂ ಜಾಸ್ತಿ ಹೇಳ್ಲೇ ಇಲ್ಲ. ಶಿಪ್ರಾ, ಪೂಗಾ. ಐಗುಪ್ತದ (ಈಜಿಪ್ಟಿನ) ಅರಸ ಅವರನ್ನ ಕರೆಸಿ ಇಬ್ರಿಯ ಹೆಂಗಸರಿಗೆ ಹೆರಿಗೆ ಮಾಡಿಸೋವಾಗ ಗಂಡು ಮಗು ಆದ್ರೆ ಕೊಂದ್ಬಿಡಿ, ಹೆಣ್ಣಾದ್ರೆ ಉಳಿಸಿ ಅಂತ ಆರ್ಡರ್ ಮಾಡ್ತಾನೆ. ಅವರು ಮಾಡಲ್ಲ. ಯಾಕೆ ಅಂದ್ರೆ ಅವರಿಗೆ ದೇವರ ಭಯ ಇತ್ತು ಅಂತ ಸತ್ಯವೇದ ಹೇಳುತ್ತೆ. ಆ ಅಧ್ಯಾಯದಲ್ಲಿ ಅಷ್ಟು ದೊಡ್ಡ ಅರಸನ ಹೆಸರೇ ಇಲ್ಲ, ಫರೋಹ ಅನ್ನೋದು ಪದವಿ ಅಷ್ಟೇ, ಆದ್ರೆ ಈ ಇಬ್ರು ಕೆಲಸದ ಹೆಂಗಸರ ಹೆಸರು ಬರೆದಿಟ್ಟಿದೆ. ಟ್ರೈನಿಂಗ್ ಟೈಮಲ್ಲಿ ಹಾಸ್ಟೆಲ್ ಮಂಚದ ಮೇಲೆ ಕೂತು ಇದನ್ನ ಓದ್ದಾಗ ನಂಗೆ ಮೈ ಜುಮ್ ಅಂತು. ನನ್ನ ಕೆಲ್ಸ ಸತ್ಯವೇದದಲ್ಲಿದೆ, ಅದೂ ಮೋಶೆ ಹುಟ್ಟೋಕೂ ಮುಂಚೆ ಇದೆ!

ಹಾಸನದವರಿಗೆ ಇದು ಹೊಸದೇನಲ್ಲ ಅನ್ನಿ. ರೆಡ್‌ಫರ್ನ್ ಮೆಮೋರಿಯಲ್ ಆಸ್ಪತ್ರೆ ಅಂದ್ರೆ ಕೆಲವರಿಗೆ ಗೊತ್ತಾಗಲ್ಲ, ಮಿಷನ್ ಆಸ್ಪತ್ರೆ ಅಂದ್ರೆ ಹಳಬರಿಗೆಲ್ಲಾ ಗೊತ್ತು. ವೆಸ್ಲಿಯನ್ ಮಿಷನ್‌ನೋರು ಹಳೇ ಮೈಸೂರು ಸೀಮೇಲಿ ಹೆಂಗಸರಿಗೆ ಮಕ್ಕಳಿಗೆ ಅಂತಾನೇ ಆಸ್ಪತ್ರೆ ಕಟ್ಟಿದ್ರು, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುವಾಗಿದ್ದು 1906ರಲ್ಲಿ. ನಮ್ಮಜ್ಜಿ ತನ್ನ ಮಕ್ಕಳಲ್ಲಿ ಕೊನೇ ಇಬ್ರನ್ನ ಮಿಷನ್ ಆಸ್ಪತ್ರೇಲಿ ಹೆತ್ತಿದ್ದು, ಮೊದಲಿನವೆಲ್ಲಾ ಮನೇಲೇ ಆಗಿದ್ವು. ಅಜ್ಜಿ ಅಲ್ಲಿ ಕಂಡಿದ್ರಲ್ಲಿ ಒಂದು ಮಾತ್ರ ಯಾವಾಗ್ಲೂ ಹೇಳೋಳು, ದೊರೆಸಾನಮ್ಮ ಹೊಟ್ಟೆ ಮುಟ್ಟೋಕೆ ಮುಂಚೆ ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡ್ಕೊಳ್ಳೋರು ಕಣೇ ಅಂತ. ಔಷಧಿ ಏನು ಕೊಟ್ರು, ಎಷ್ಟು ದಿನ ಇದ್ಲು ಅದೆಲ್ಲಾ ಅಜ್ಜಿಗೆ ಮರ್ತೋಗಿತ್ತು. ಕೈ ಬೆಚ್ಚಗಿತ್ತು ಅನ್ನೋದು ಮಾತ್ರ ಸಾಯೋವರ್ಗೂ ನೆನಪಿತ್ತು.

ಇನ್ನೊಬ್ರ ಕಥೆ ನಮಗೆ ನರ್ಸಿಂಗ್ ಸ್ಕೂಲಲ್ಲಿ ಹೇಳಿದ್ರು, ವೆಲ್ಲೂರಿನ ಐಡಾ ಸ್ಕಡರ್ ಅವರದ್ದು. ಮಿಷನರಿ ಡಾಕ್ಟರ್ ಮಗಳು, ತಾನು ಮಿಷನರಿ ಆಗೋದೇ ಬೇಡ ಅಂತಿದ್ದ ಹುಡುಗಿ, ಅಪ್ಪ ಅಮ್ಮನ್ನ ನೋಡೋಕೆ ಅಂತ ತಮಿಳುನಾಡಿಗೆ ಬಂದಾಗ ಒಂದೇ ರಾತ್ರಿ ಮೂರು ಜನ ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಂದು ಹೆಂಡ್ತಿಗೆ ಹೆರಿಗೆ ಕಷ್ಟ ಆಗ್ತಿದೆ ನೀವು ಬನ್ನಿ ಅಂತ ಕೇಳ್ತಾರೆ, ಒಬ್ರು ಬ್ರಾಹ್ಮಣ, ಒಬ್ರು ಮುಸಲ್ಮಾನ, ಇನ್ನೊಬ್ರು ಬೇರೆ ಹಿಂದೂ ಜಾತಿಯೋರು. ಇವಳು ನಂಗೆ ಏನೂ ಗೊತ್ತಿಲ್ಲ ಅಪ್ಪನ್ನ ಕಳಿಸ್ತೀನಿ ಅಂದ್ರೆ ಗಂಡಸು ಡಾಕ್ಟರ್ ಬೇಡ ಅಂತ ವಾಪಸ್ ಹೋಗ್ತಾರೆ. ಬೆಳಗಾಗೋ ಹೊತ್ತಿಗೆ ಮೂರೂ ಹೆಂಗಸರು ತೀರ್ಕೊಂಡಿದ್ರು. ಆಮೇಲೆ ಅವರು ಅಮೆರಿಕಕ್ಕೆ ಹೋಗಿ ಡಾಕ್ಟರ್ ಓದಿ 1900ರಲ್ಲಿ ವೆಲ್ಲೂರಲ್ಲಿ ಕೆಲ್ಸ ಶುರು ಮಾಡಿದ್ದು, 1909ರಲ್ಲಿ ನರ್ಸಿಂಗ್ ಸ್ಕೂಲ್ ತೆಗೆದಿದ್ದು, ಈಗಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಎಲ್ಲಾ ಎಲ್ರಿಗೂ ಗೊತ್ತಿರೋದೇ. ಕರೆ ಅಂದ್ರೆ ಏನು ಅಂತ ಕೇಳೋ ಹುಡ್ಗೀರಿಗೆ ನಾನು ಈ ಕಥೆ ಯಾಕೆ ಹೇಳ್ತೀನಿ ಅಂದ್ರೆ, ಆಕೆಗೆ ಆಕಾಶದಿಂದ ಧ್ವನಿ ಕೇಳಿಸ್ಲಿಲ್ಲ, ಬಾಗಿಲು ಬಡಿದ ಸದ್ದು ಕೇಳಿಸ್ತು. ಬಾಗಿಲು ಬಡಿದವರು ಆಕೆಯ ಧರ್ಮದೋರೂ ಅಲ್ಲ. ಮತ್ತೆ ಬರೀ ಕನಿಕರ ಇದ್ದಿದ್ರೆ ಆ ರಾತ್ರಿ ಏನೂ ಪ್ರಯೋಜನ ಇರ್ಲಿಲ್ಲ, ಕಲ್ತಿರೋ ಕೈ ಬೇಕಿತ್ತು, ಅದು ಅಲ್ಲಿರ್ಲಿಲ್ಲ. ಅದಕ್ಕೇ ಆಕೆ ಓದೋಕೆ ಹೋಗಿದ್ದು.

ನಂಬಿಕೆ ಇರೋ ಮಕ್ಕಳು ಎಡವೋ ಜಾಗ ಇದೇ ಅಂತ ನಂಗೆ ಅನ್ಸುತ್ತೆ. ಪ್ರಾರ್ಥನೆ ಮಾಡ್ತೀನಿ, ದೇವರು ನಡಿಸ್ತಾನೆ, ಸರಿ. ಆದ್ರೆ ಹೆರಿಗೆ ಹೇಗೆ ಮುಂದುವರೀತಿದೆ ಅಂತ ಗುರುತು ಮಾಡೋ ಚಾರ್ಟು, ಪಾರ್ಟೋಗ್ರಾಫ್, ಹಾಕೋಕೆ ಬರ್ಬೇಕಲ್ಲ? ಬಿಪಿ ಏರ್ತಾ ಇದೆ, ತಲೆನೋವು ಅಂತಿದಾಳೆ, ಕಣ್ಣು ಮಂಜು ಮಂಜು ಅಂತಿದಾಳೆ ಅಂದ್ರೆ ಫಿಟ್ಸ್ ಬರೋ ಮುಂಚೇನೇ ಮ್ಯಾಗ್ನೀಸಿಯಂ ಸಲ್ಫೇಟ್ ರೆಡಿ ಇಟ್ಕೊಂಡು ಡಾಕ್ಟ್ರಿಗೆ ಫೋನ್ ಮಾಡ್ಬೇಕು ಅನ್ನೋದು ತಲೇಲಿ ಇರ್ಬೇಕಲ್ಲ? ಇದನ್ನ ದೇವರು ರಾತ್ರೋರಾತ್ರಿ ತಲೆಗೆ ಹಾಕಲ್ಲ, ನಾವೇ ಓದ್ಬೇಕು. ಎಎನ್‌ಎಂ (ಆರೋಗ್ಯ ಸಹಾಯಕಿ ಕೋರ್ಸು) ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಸೈನ್ಸ್ ತಗೊಂಡಿದ್ರೆ, ಮಾರ್ಕ್ಸ್ ಚೆನ್ನಾಗಿದ್ರೆ ಬಿಎಸ್ಸಿಗೇ ಹೋಗಿ ಅಂತೀನಿ, ದುಡ್ಡಿನ ತಾಪತ್ರಯ ಇದ್ರೆ ಜಿಎನ್‌ಎಂ ಮಾಡಿ ಕೆಲ್ಸಕ್ಕೆ ಸೇರ್ಕೊಂಡು ಆಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡ್ಬಹುದು. ಕಾಲೇಜ್ ನೋಡೋವಾಗ ಬಿಲ್ಡಿಂಗ್ ನೋಡ್ಬೇಡಿ, ಹೆರಿಗೆ ಪೋಸ್ಟಿಂಗ್ ಯಾವ ಆಸ್ಪತ್ರೇಲಿ, ಅಲ್ಲಿ ದಿನಕ್ಕೆ ಎಷ್ಟು ಹೆರಿಗೆ ಆಗುತ್ತೆ ಕೇಳಿ. ಹೆರಿಗೆ ಕಮ್ಮಿ ಇರೋ ಕಡೆ ಕೇಸ್ ಬುಕ್ ತುಂಬೋಕೆ ಒಬ್ರದ್ದು ನೋಡ್ಕೊಂಡು ಇನ್ನೊಬ್ರು ಬರ್ಕೊಳ್ತಾರೆ, ಆಮೇಲೆ ಡ್ಯೂಟಿಗೆ ಬಂದಾಗ ಕೈ ನಡುಗುತ್ತೆ. ಸುಳ್ಳು ಕೇಸ್ ಬರೆದು ಪಾಸಾಗೋದು ನಂಬಿಕೆ ಇರೋರಿಗೆ ತಕ್ಕ ಕೆಲ್ಸ ಅಲ್ಲ, ಇದನ್ನ ನಾನು ಖಡಾಖಂಡಿತವಾಗಿ ಹೇಳ್ತೀನಿ.

ಕೈ ಕಲಿಯೋದು ಅಂದ್ರೆ ಏನು ಅಂತ ಸ್ವಲ್ಪ ಹೇಳ್ತೀನಿ. ಬಸುರಿ ಬಂದು ಮಲಗ್ತಾಳೆ. ಮೂತ್ರಕ್ಕೆ ಹೋಗಿ ಬಂದ್ಯಾ ಅಂತ ಕೇಳ್ಬೇಕು, ತುಂಬಿದ ಮೂತ್ರಕೋಶ ಇದ್ರೆ ಏನೂ ಸರಿ ಗೊತ್ತಾಗಲ್ಲ. ಮೊಣಕಾಲು ಸ್ವಲ್ಪ ಮಡಚಿಸ್ಬೇಕು, ಹೊಟ್ಟೆ ಸಡ್ಲ ಆಗುತ್ತೆ. ಆಮೇಲೆ ಎರಡೂ ಅಂಗೈ ಹೊಟ್ಟೆ ಮೇಲ್ಭಾಗಕ್ಕೆ ಇಟ್ಟು ನಿಧಾನಕ್ಕೆ ಹಿಡಿದು ನೋಡ್ಬೇಕು, ಅಲ್ಲಿ ಮೆತ್ತಗೆ ಅಗಲಕ್ಕೆ ಸಿಕ್ರೆ ಅದು ಮಗುವಿನ ಕುಂಡೆ, ಗಟ್ಟಿಯಾಗಿ ಗುಂಡಗೆ ಸಿಕ್ಕು ಬೆರಳಿಗೆ ಅತ್ತಿತ್ತ ಆಡಿದ್ರೆ ತಲೆ ಮೇಲಿದೆ ಅಂತ, ಆವಾಗ ಎಚ್ಚರ. ಪಕ್ಕಕ್ಕೆ ಬಂದ್ರೆ ಒಂದು ಕಡೆ ಉದ್ದಕ್ಕೆ ನುಣ್ಣಗೆ ಬೆನ್ನು, ಇನ್ನೊಂದು ಕಡೆ ಗಂಟು ಗಂಟಾಗಿ ಕೈ ಕಾಲು. ಬೆನ್ನಿರೋ ಕಡೆ ಫೀಟೋಸ್ಕೋಪ್ ಇಟ್ಟು ಕಿವಿ ಒತ್ತಿದ್ರೆ ಮಗುವಿನ ಹೃದಯ ಕೇಳುತ್ತೆ, ನಿಮಿಷಕ್ಕೆ 110ರಿಂದ 160 ಇರ್ಬೇಕು. ಈಗ ಮಗುವಿನ ಹೃದಯ ಕೇಳಿಸೋ ಡಾಪ್ಲರ್ ಮೆಷಿನ್ ಇದೆ, ಸ್ಕ್ಯಾನಿಂಗ್ ಇದೆ, ಹೊಸ ಹುಡ್ಗೀರು ಇದನ್ನೆಲ್ಲಾ ಹಗುರವಾಗಿ ತಗೋತಾರೆ. ಆದ್ರೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಜನರೇಟರ್ ಶುರು ಆಗೋ ತನಕ ಕೈನೇ ಗತಿ. ಅದಿರ್ಲಿ, ನಂಗೆ ಇದ್ರಲ್ಲಿ ಬೇರೇನೇ ಒಂದು ಸಂತೋಷ ಇದೆ. 139ನೇ ಕೀರ್ತನೇಲಿ ತಾಯಿಯ ಗರ್ಭದಲ್ಲಿ ನನ್ನನ್ನ ರೂಪಿಸಿದವನು ನೀನೇ ಅಂತ ದಾವೀದ ಹೇಳ್ತಾನಲ್ಲ, ದೇವರು ಇನ್ನೂ ಕೆಲ್ಸ ಮುಗಿಸದೇ ಇರೋ ಜಾಗದ ಮೇಲೆ ನನ್ನ ಕೈ ಇದೆ ಅಂತ ನೆನಪಾಗುತ್ತೆ, ಆ ನೆನಪಿರೋವಾಗ ಒರಟಾಗಿ ಮುಟ್ಟೋಕೆ ಆಗಲ್ಲ. ಅಜ್ಜಿ ಹೇಳಿದ್ದು ಜ್ಞಾಪಕ ಬಂದು ಕೈ ಉಜ್ಜಿಕೊಂಡೇ ಮುಟ್ತೀನಿ.

ಒರಟು ಅಂದೆ ನೋಡಿ, ಅದನ್ನ ಬರೀದೇ ಇದ್ರೆ ಈ ಬರಹ ಅರ್ಧ ಸುಳ್ಳಾಗುತ್ತೆ. ಹೆರಿಗೆ ಕೋಣೇಲಿ ಹೆಂಗಸರನ್ನ ಬೈತಾರೆ. ತೊಡೆಗೆ ಹೊಡೀತಾರೆ. ಮಾಡ್ಕೊಳ್ಳೋವಾಗ ಕಿರುಚಿದ್ಯಾ ಈಗ ಯಾಕೆ ಕಿರುಚ್ತೀಯಾ ಅಂತ ನಾಲಿಗೆ ಮೇಲೆ ಹಿಡಿತ ಇಲ್ದೆ ಮಾತಾಡ್ತಾರೆ. ನಾನು ಮೊದ್ಲು ಕೆಲ್ಸ ಮಾಡಿದ ಒಂದು ಕಡೆ ಗಂಡು ಮಗು ಆದ್ರೆ ಇಷ್ಟು, ಹೆಣ್ಣು ಆದ್ರೆ ಇಷ್ಟು ಅಂತ ಬಾಣಂತಿ ಮನೆಯೋರ ಹತ್ರ ಕೈ ಚಾಚೋ ಪದ್ಧತಿ ಇತ್ತು, ಮಗುನ ಒರೆಸಿ ಬಟ್ಟೆ ಸುತ್ತಿ ಹೊರಗೆ ತಂದು ತೋರ್ಸೋಕೇ ದುಡ್ಡು. ಜೆಎಸ್‌ಎಸ್‌ಕೆ (ಜನನಿ ಶಿಶು ಸುರಕ್ಷಾ ಕಾರ್ಯಕ್ರಮ) ಅಂತ 2011ರಿಂದ ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ಸಿಜೇರಿಯನ್, ಔಷಧಿ, ಊಟ, ರಕ್ತ, ಗಾಡಿ ಎಲ್ಲಾ ಉಚಿತ ಅಂತ ಗೋಡೆ ಮೇಲೆ ಬೋರ್ಡ್ ಇರುತ್ತೆ, ಅದೇ ಬೋರ್ಡ್ ಕೆಳಗೆ ನಿಂತು ಈಸ್ಕೊಳ್ಳೋದು. ನನ್ನ ಪಾಲು ಅಂತ ಕೊಟ್ಟಾಗ ನಂಗೆ ಬೇಡ ಅಂದೆ. ಜಗಳ ಆಡ್ಲಿಲ್ಲ, ಉಪದೇಶನೂ ಮಾಡ್ಲಿಲ್ಲ, ಬೇಡ ಅಂದೆ ಅಷ್ಟೇ. ಸುಮಾರು ದಿನ ನನ್ನ ಜೊತೆ ಊಟಕ್ಕೆ ಯಾರೂ ಕೂರ್ಲಿಲ್ಲ, ಇವಳೊಬ್ಳು ಏಸುಸ್ವಾಮಿ ಮಗಳು ಬಂದ್ಲು ಅನ್ನೋರು. ಅಳು ಬರ್ತಿತ್ತು. ನಿಜ ಹೇಳ್ಬೇಕಂದ್ರೆ ಆವಾಗ ಶಿಪ್ರಾ ಪೂಗಾ ಇಬ್ರಿದ್ರು ಅನ್ನೋದು ನಂಗೆ ಮುಖ್ಯ ಅನ್ನಿಸ್ತು, ಒಬ್ಳೇ ಇದ್ದಿದ್ರೆ ಏನಾಗ್ತಿತ್ತೋ. ಆಮೇಲೆ ಅಲ್ಲಿಗೆ ಹೊಸದಾಗಿ ಬಂದ ಇನ್ನೊಬ್ಳು ಸಿಸ್ಟರ್, ಮಂಜ್ರಾಬಾದ್ ಕಡೆಯ ಲಿಂಗಾಯತರ ಹುಡುಗಿ, ಅವಳೂ ಬೇಡ ಅಂದ್ಲು. ನನ್ನ ಪೂಗಾ ಅವಳೇ.

ಈಗ ಆ ಐಗುಪ್ತದ ಕಥೆಗೆ ಬರ್ತೀನಿ, ಯಾಕಂದ್ರೆ ಅದು ನಮ್ಮೂರಿನ ಕಥೆನೂ ಹೌದು. ಅಲ್ಲಿ ಸಾಯ್ಬೇಕಾಗಿದ್ದು ಗಂಡು ಮಕ್ಕಳು. ಇಲ್ಲಿ ಹೆಣ್ಣು. 2023ರ ಕೊನೇಲಿ ಮಂಡ್ಯ ಜಿಲ್ಲೆಯ ಆಲೆಮನೇಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡಿ ತೆಗೆಸ್ತಿದ್ದ ಜಾಲ ಸಿಕ್ಕಿಬಿತ್ತಲ್ಲ, ಬೆಲ್ಲ ಮಾಡೋ ಜಾಗ ಅದು. ಲಿಂಗ ಪತ್ತೆ ಮಾಡ್ಬಾರ್ದು ಅಂತ 1994ರಲ್ಲೇ ಕಾನೂನು ಬಂದಿದೆ, ಪ್ರತಿ ಸ್ಕ್ಯಾನಿಂಗ್ ಸೆಂಟರಲ್ಲೂ ಬೋರ್ಡ್ ಹಾಕಿರ್ತಾರೆ. ಅಷ್ಟಾದ್ರೂ ಇಲ್ಲಿ ಫರೋಹ ಅರಮನೇಲಿಲ್ಲ, ಅತ್ತೆ ಬಾಯಲ್ಲಿದಾನೆ, ಗಂಡನ ಮೌನದಲ್ಲಿದಾನೆ. ನಂಗೆ ಎಷ್ಟೋ ಸಲ ಹೊರಗಡೆ ಕಾರಿಡಾರಲ್ಲಿ ಕೇಳ್ತಾರೆ, ಸಿಸ್ಟ್ರೇ ನೀವು ಇಷ್ಟು ವರ್ಷದಿಂದ ನೋಡ್ತಿದೀರಾ ಹೊಟ್ಟೆ ನೋಡಿದ್ರೆ ಗೊತ್ತಾಗಲ್ವಾ, ಎಲ್ಲಿ ನೋಡ್ತಾರೆ ಅಂತಾದ್ರೂ ಹೇಳಿ ಅಂತ. ಗೊತ್ತಾಗಲ್ಲ ಕಣಮ್ಮ, ಗೊತ್ತಾದ್ರೂ ಹೇಳಲ್ಲ ಅಂತೀನಿ. ಮೂರನೇದೂ ಹೆಣ್ಣಾದಾಗ ಬಾಣಂತಿ ಮುಖ ಗೋಡೆ ಕಡೆ ತಿರುಗ್ಸಿ ಮಲಗಿಬಿಡ್ತಾಳೆ, ಹೊರಗಿಂದ ಯಾರೂ ಒಳಗೆ ಬರಲ್ಲ, ಜೀರಿಗೆ ಕಷಾಯ ಕೂಡ ಬರಲ್ಲ. ಅಂಥ ದಿನ ನಾನು ಒಂದು ಕೆಲ್ಸ ತಪ್ಪಿಸಲ್ಲ. ಮಗುನ ತಾಯಿ ಎದೆ ಮೇಲೆ ಬರೀ ಮೈಯಲ್ಲಿ ಮಲಗಿಸಿ, ಮೇಲೆ ಬೆಚ್ಚಗೆ ಹೊದೆಸಿ, ಒಂದು ಗಂಟೆ ಒಳಗೆ ಹಾಲು ಕುಡಿಸೋಕೆ ಜೊತೇಲೇ ನಿಂತಿರ್ತೀನಿ. ಯಾವ ಮಗುವಿಗಾದ್ರೂ ಮಾಡೋದೇ ಇದು, ಆದ್ರೆ ಆ ಮಗುವಿಗೆ ಇನ್ನೂ ಸ್ವಲ್ಪ ಹೊತ್ತು ನಿಲ್ತೀನಿ. ಬಂಗಾರದಂಥ ಮಗು ಕಣವ್ವ, ಕೂದ್ಲು ನೋಡು ಎಷ್ಟು ದಟ್ಟ ಇದೆ ಅಂತ ಹೇಳ್ತೀನಿ. ಮನಸಲ್ಲಿ ಆ ಮಗುನ ದೇವರ ಕೈಗೆ ಒಪ್ಪಿಸ್ತೀನಿ.

ಬಾಯಿ ಬಿಟ್ಟು ಯಾಕೆ ಪ್ರಾರ್ಥನೆ ಮಾಡಲ್ಲ ಅಂತ ನಮ್ಮ ಮಹಿಳಾ ಕೂಟದಲ್ಲಿ ಒಬ್ರು ದೊಡ್ಡಮ್ಮ ಕೇಳಿದ್ರು, ಸಾಕ್ಷಿ ಹೇಳೋಕೆ ಅಷ್ಟು ಒಳ್ಳೇ ಅವಕಾಶ ಬಿಡ್ತೀಯಲ್ಲ ಮಗಳೇ ಅಂತ. ಅವರ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ನಂಗೆ ಅದು ಸರಿ ಕಾಣಲ್ಲ. ನೋವಲ್ಲಿರೋ ಹೆಂಗಸಿಗೆ ಬೇಡ ಅನ್ನೋ ಶಕ್ತಿ ಇರಲ್ಲ. ಅವಳ ಜೀವ ನನ್ನ ಕೈಯಲ್ಲಿದೆ ಅಂತ ಅವಳಿಗೆ ಗೊತ್ತು, ಆವಾಗ ನಾನು ಏನು ಹೇಳಿದ್ರೂ ಹೂಂ ಅಂತಾಳೆ. ಆ ಹೂಂ ಅನ್ನ ಯೇಸು ಯಾವತ್ತೂ ಯಾರ ಹತ್ರನೂ ಕಿತ್ಕೊಳ್ಳಲಿಲ್ಲ, ವಾಸಿ ಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬ ಮಾತ್ರ ತಿರುಗಿ ಬಂದ, ಉಳಿದ ಒಂಬತ್ತು ಜನಕ್ಕೆ ಕೊಟ್ಟ ವಾಸಿನ ವಾಪಸ್ ತಗೊಳ್ಳಲಿಲ್ಲ. ಅವಳು ಧರ್ಮಸ್ಥಳ ಮಂಜುನಾಥಾ ಅಂತ ಕೂಗಿದ್ರೆ ಕೂಗ್ಲಿ, ಅಲ್ಲಾ ಅಂದ್ರೆ ಅನ್ಲಿ, ಅವ್ವಾ ಅಂದ್ರೆ ಅನ್ಲಿ. ನಾನು ಒಳಗೊಳಗೇ ಕರ್ತನೇ ಕರುಣಿಸು ಅಂತಿರ್ತೀನಿ. ಯಾರಾದ್ರೂ ತಾವಾಗೇ ಸಿಸ್ಟ್ರೇ ನೀವು ಒಂದು ಪ್ರಾರ್ಥನೆ ಮಾಡಿ ಅಂತ ಕೇಳಿದ್ರೆ ಸಂತೋಷವಾಗಿ ಕೈ ಹಿಡ್ಕೊಂಡು ಮಾಡ್ತೀನಿ.

ಒಂದು ರಾತ್ರಿ ಬಗ್ಗೆ ಹೇಳ್ಬೇಕು. ಆಷಾಢದ ಮಳೆ, ನಮ್ಮ ಕಡೆ ಮಳೆ ಅಂದ್ರೆ ಗೊತ್ತಲ್ಲ, ವಾರಗಟ್ಲೆ ಬಿಸಿಲೇ ಕಾಣ್ಸಲ್ಲ. ಎಸ್ಟೇಟ್ ಕೂಲಿಯವರ ಲೈನ್ ಮನೆಯಿಂದ ಅಸ್ಸಾಂ ಕಡೆಯ ಒಬ್ಳು ಹುಡುಗಿನ 108ರಲ್ಲಿ ಕರ್ಕೊಂಡು ಬಂದ್ರು, ದಾರೀಲಿ ಆನೆ ಹಿಂಡು ನಿಂತಿತ್ತು ಅಂತ ಗಾಡಿ ತಡ ಆಗಿತ್ತು. ಎರಡನೇ ಹೆರಿಗೆ. ತಾಯಿ ಕಾರ್ಡ್ ಇಲ್ಲ, ರಕ್ತ ಎಷ್ಟಿದೆ ಗೊತ್ತಿಲ್ಲ, ಕನ್ನಡ ಒಂದಕ್ಷರ ಬರಲ್ಲ, ಗಂಡನಿಗೆ ಅರ್ಧಂಬರ್ಧ ಹಿಂದಿ. ಬಂದ ಸ್ವಲ್ಪ ಹೊತ್ತಿಗೇ ಹೆರಿಗೆ ಆಯ್ತು, ಮಗು ಚೆನ್ನಾಗಿ ಅಳ್ತು, ಗರ್ಭಕೋಶ ಗಟ್ಟಿ ಮಾಡೋ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಕೊಟ್ಟೆ, ಕಸನೂ (ಮಾಸು) ಬಂತು, ಬೆಳಕಿಗೆ ಹಿಡಿದು ಪೂರ್ತಿ ಬಂದಿದ್ಯಾ ನೋಡ್ದೆ, ಬಂದಿತ್ತು. ಎಲ್ಲಾ ಆಯ್ತಲ್ಲ ಅಂತ ಹೊಟ್ಟೆ ಮೇಲೆ ಕೈ ಇಟ್ರೆ ಗರ್ಭಕೋಶ ಮೆತ್ತಗಿದೆ. ಹೆರಿಗೆ ಆದ್ಮೇಲೆ ಅದು ಸುಲಿದ ತೆಂಗಿನಕಾಯಿ ಥರ ಗಟ್ಟಿಯಾಗಿ ಕೈಗೆ ಸಿಗ್ಬೇಕು, ಗಟ್ಟಿಯಾದ್ರೇನೇ ಒಳಗಿನ ರಕ್ತನಾಳ ಮುಚ್ಕೊಳ್ಳೋದು. ಮೆತ್ತಗಿದ್ರೆ ನಲ್ಲಿ ಬಿಟ್ಟಂಗೆ ರಕ್ತ ಹೋಗುತ್ತೆ. 500 ಮಿಲಿ ದಾಟಿದ್ರೆ ಅದನ್ನ ಪಿಪಿಹೆಚ್, ಅಂದ್ರೆ ಹೆರಿಗೆ ನಂತರದ ಅತಿ ರಕ್ತಸ್ರಾವ, ಅಂತೀವಿ, ಹಂಗೇ ಬಿಟ್ರೆ ಎರಡು ಗಂಟೆ ಒಳಗೆ ಜೀವ ಹೋಗ್ಬಹುದು, ಮೊದಲೇ ರಕ್ತ ಕಮ್ಮಿ ಇರೋಳಾದ್ರೆ ಅಷ್ಟೂ ಟೈಮ್ ಇರಲ್ಲ. ಆಯಾನ ಕೂಗಿದೆ, ಡಾಕ್ಟ್ರಿಗೆ ಫೋನ್ ಮಾಡೋಕೆ ಹೇಳ್ದೆ, ಎರಡೂ ಕೈಗೆ ದಪ್ಪ ಸೂಜಿ ಹಾಕಿ ಆಕ್ಸಿಟೋಸಿನ್ ಸೇರಿಸಿದ ಡ್ರಿಪ್ ಬಿಟ್ವಿ, ಕ್ಯಾಥೆಟರ್ ಹಾಕಿ ಮೂತ್ರ ತೆಗೆದ್ವಿ, ನಾನು ಹೊಟ್ಟೆ ಮೇಲೆ ಉಜ್ತಾನೇ ಇದೀನಿ. ನಿಲ್ತಿಲ್ಲ. ಗ್ಲೌಸ್ ಹಾಕಿದ ಒಂದು ಕೈ ಒಳಗೆ ಮುಷ್ಟಿ ಮಾಡಿ, ಇನ್ನೊಂದು ಕೈ ಹೊಟ್ಟೆ ಮೇಲಿಂದ, ಎರಡರ ಮಧ್ಯೆ ಗರ್ಭಕೋಶನ ಒತ್ತಿ ಹಿಡ್ಕೊಂಡೆ. ಹಾಸನಕ್ಕೆ ಕಳಿಸ್ಬೇಕು ಅಂದ್ರೆ ಆ ಮಳೇಲಿ ಒಂದು ಗಂಟೆಗೂ ಮೇಲಿನ ದಾರಿ.

ಅವಳು ನನ್ನ ಮುಖಾನೇ ನೋಡ್ತಿದ್ಲು. ಹೆದರ್ಬೇಡ, ಹೆದರ್ಬೇಡ ಕಣವ್ವ ಅಂತ ಹೇಳ್ತಾನೇ ಇದ್ದೆ, ಅವಳಿಗೆ ಮಾತು ಅರ್ಥ ಆಗಿರಲ್ಲ, ದನಿ ಅರ್ಥ ಆಗಿರ್ಬೇಕು. ಒಳಗೆ ಪ್ರಾರ್ಥನೆ ನಡೀತಾನೇ ಇತ್ತು, ಮಾತೇ ಇಲ್ಲದ ಪ್ರಾರ್ಥನೆ, ಬರೀ ಕರ್ತನೇ ಕರ್ತನೇ ಅಂತ. ಕೈ ಮರಗಟ್ಟಿ ಹೋಗಿತ್ತು ಆದ್ರೆ ಸಡ್ಲ ಬಿಡೋ ಹಂಗಿಲ್ಲ. ಡಾಕ್ಟ್ರು ಮಳೇಲಿ ನೆನ್ಕೊಂಡೇ ಓಡಿ ಬಂದ್ರು, ಮಾತ್ರೆ ಇಂಜೆಕ್ಷನ್ ಎಲ್ಲಾ ಮುಂದುವರೆಸಿದ್ರು, ಕೊನೆಗೆ ಕೈ ಅಡಿ ಅದು ಗಟ್ಟಿಯಾಗೋದು ಗೊತ್ತಾಯ್ತು. ಗಟ್ಟಿಯಾಗೋದು ಗೊತ್ತಾಗೋ ಆ ಕ್ಷಣ ಇದೆಯಲ್ಲ, ಅದನ್ನ ನಾನು ಯಾವ ಕೂಟದಲ್ಲೂ ಯಾವ ಹಾಡಲ್ಲೂ ಅನುಭವಿಸಿಲ್ಲ. ಪ್ರಾರ್ಥನೆ ಉಳಿಸ್ತಾ, ಆಕ್ಸಿಟೋಸಿನ್ ಉಳಿಸ್ತಾ ಅಂತ ಕೇಳಿದ್ರೆ ನಂಗೆ ಆ ಪ್ರಶ್ನೇನೇ ಬೇಡ. ಆ ಔಷಧಿ ಕಂಡುಹಿಡಿಯೋ ಬುದ್ಧಿ ಕೊಟ್ಟವನೂ ಅವನೇ, ನನ್ನ ಕೈ ಬಿಡದೇ ಇರೋ ಹಾಗೆ ಮಾಡಿದವನೂ ಅವನೇ ಅಂತ ನಂಬಿದೀನಿ.

ಆದ್ರೆ ಎಲ್ಲಾ ರಾತ್ರಿನೂ ಹೀಗೆ ಮುಗಿಯಲ್ಲ, ಇದನ್ನ ಹುಡ್ಗೀರಿಗೆ ಮುಚ್ಚಿಡಬಾರ್ದು. ಆದಿಕಾಂಡದ 35ನೇ ಅಧ್ಯಾಯದಲ್ಲಿ ಯಾಕೋಬನ ಹೆಂಡ್ತಿ ರಾಹೇಲಳಿಗೆ ದಾರಿ ಮಧ್ಯೆ ಹೆರಿಗೆ ನೋವು ಬರುತ್ತೆ, ತುಂಬಾ ಕಷ್ಟದ ಹೆರಿಗೆ, ಸೂಲಗಿತ್ತಿ ಅವಳಿಗೆ ಹೇಳೋದೂ ಇದೇ ಮಾತು, ಹೆದರಬೇಡ, ಈ ಸಲವೂ ಗಂಡು ಮಗು ಅಂತ. ರಾಹೇಲ್ ಸತ್ತೋಗ್ತಾಳೆ. ಸತ್ಯವೇದ ಆ ಸೂಲಗಿತ್ತಿ ಮೇಲೆ ತಪ್ಪು ಹೊರಿಸಲ್ಲ, ಅವಳ ನಂಬಿಕೆ ಕಮ್ಮಿ ಇತ್ತು ಅನ್ನಲ್ಲ. ನನ್ನ ಕೈಯಲ್ಲೂ ಉಸಿರೇ ಇಲ್ಲದ ಮಕ್ಕಳು ಹುಟ್ಟಿವೆ. ಆಗ ಮಗುನ ಟ್ರೇನಲ್ಲಿಟ್ಟು ಬಟ್ಟೆ ಮುಚ್ಚಿ ತಗೊಂಡು ಹೋಗ್ಬಿಡೋದು ರೂಢಿ. ನಾನು ಹಾಗೆ ಮಾಡಲ್ಲ. ಮೈ ಒರೆಸಿ, ಬಟ್ಟೆ ಸುತ್ತಿ, ನೋಡ್ತೀಯಾ ಅವ್ವ ಅಂತ ತಾಯಿನ ಕೇಳ್ತೀನಿ, ನೋಡ್ತೀನಿ ಅಂದ್ರೆ ಮಡಿಲಿಗೆ ಕೊಡ್ತೀನಿ, ಬೇಡ ಅಂದ್ರೆ ಬಲವಂತ ಇಲ್ಲ. ದೇವರ ಇಚ್ಛೆ ಅಂತ ಮಾತ್ರ ಹೇಳೋಕೆ ಹೋಗಲ್ಲ, ಆ ತಾಯಿ ಮುಂದೆ ಆ ಮಾತು ಹೇಳೋ ಅಧಿಕಾರ ನಂಗಿಲ್ಲ. ಮನೆಗೆ ಬಂದು ಸತ್ಯವೇದದಲ್ಲಿ ಕಷ್ಟ ಉಂಡ ಯೋಬನ ಪುಸ್ತಕ ತೆಗೀತೀನಿ, ಕೆಲವು ಸಲ ತೆಗೆದು ಹಂಗೇ ಮುಚ್ಚಿಡ್ತೀನಿ.

ಗರ್ಭಪಾತದ ವಿಷ್ಯ ಕೇಳೇ ಕೇಳ್ತಾರೆ, ಅದನ್ನೂ ಹೇಳ್ಬಿಡ್ತೀನಿ. ಕಾನೂನು ಪ್ರಕಾರ ನಡೆಯೋ ಗರ್ಭಪಾತಕ್ಕೆ (ಎಂಟಿಪಿ) ನಂಗೆ ಡ್ಯೂಟಿ ಹಾಕ್ಬೇಡಿ ಅಂತ ಇನ್‌ಚಾರ್ಜ್ ಸಿಸ್ಟರ್ ಹತ್ರ ಮೊದಲೇ ಕೇಳ್ಕೊಂಡಿದೀನಿ, ಅವರು ಒಪ್ಕೊಂಡು ಬೇರೆಯವರನ್ನ ಹಾಕ್ತಾರೆ, ಅದಕ್ಕೆ ಬದಲು ನಾನು ಅವರ ನೈಟ್ ಡ್ಯೂಟಿ ತಗೋತೀನಿ. ಆದ್ರೆ ಎಲ್ಲೋ ಏನೋ ಮಾತ್ರೆ ನುಂಗಿ ರಕ್ತ ಹೋಗ್ತಾ ಬಂದ ಹೆಂಗಸು ಇದ್ರೆ, ಯಾಕೆ ನುಂಗಿದೆ ಅಂತ ಕೇಳೋದಕ್ಕಿಂತ ಮುಂಚೆ ಅವಳಿಗೆ ಡ್ರಿಪ್ ಹಾಕ್ತೀನಿ, ಅವಳ ಜೊತೆ ನಿಲ್ತೀನಿ. ತಪ್ಪಲ್ಲಿ ಸಿಕ್ಕಿಬಿದ್ದ ಹೆಂಗಸಿಗೆ ಕಲ್ಲೆಸೆಯೋಕೆ ನಿಂತವರ ಮುಂದೆ ಯೇಸು ಯಾರ ಪಕ್ಕ ನಿಂತ ಅಂತ ನಮ್ಗೆಲ್ಲಾ ಗೊತ್ತು. ಈ ವಿಷ್ಯದಲ್ಲಿ ನನ್ನ ಥರಾನೇ ಯೋಚ್ನೆ ಮಾಡ್ಬೇಕು ಅಂತ ಯಾರಿಗೂ ಹೇಳಲ್ಲ, ಆದ್ರೆ ಕೆಲ್ಸಕ್ಕೆ ಸೇರೋ ಮುಂಚೆ ಯೋಚ್ನೆ ಮಾಡಿಟ್ಕೊಳ್ಳಿ, ಟೇಬಲ್ ಮುಂದೆ ನಿಂತಾಗ ಯೋಚ್ನೆ ಮಾಡೋಕೆ ಟೈಮ್ ಇರಲ್ಲ.

ನಮ್ಮ ದೇಶದಲ್ಲಿ ಸೂಲಗಿತ್ತಿ ಕೆಲ್ಸಕ್ಕೆ ಮರ್ಯಾದೆ ಬಂದಿದ್ದು ತಡ. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು, 15 ಸಾವಿರಕ್ಕೂ ಹೆಚ್ಚು ಹೆರಿಗೆ, ಒಂದು ಪೈಸೆ ತಗೊಳ್ದೆ. ಅದೇ ವರ್ಷ ಡಿಸೆಂಬರ್ 25ಕ್ಕೆ ತೀರ್ಕೊಂಡ್ರು, ಕ್ರಿಸ್ಮಸ್ ದಿನ. ಅವರು ಕ್ರೈಸ್ತರಲ್ಲ, ಆದ್ರೆ ಶಿಪ್ರಾ ಪೂಗಾ ಸಾಲಿನಲ್ಲಿ ಅವರಿಗೆ ಜಾಗ ಇದೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಅದೇ ಡಿಸೆಂಬರಲ್ಲೇ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗೆ ಅಂತ ಹೊಸ ಮಾರ್ಗಸೂಚಿ ತಂತು. ಜಿಎನ್‌ಎಂ ಇಲ್ಲಾ ಬಿಎಸ್ಸಿ ಆಗಿ ಹೆರಿಗೆ ಕೆಲ್ಸದಲ್ಲಿ ಅನುಭವ ಇರೋರಿಗೆ 18 ತಿಂಗಳು ಟ್ರೈನಿಂಗ್ ಕೊಟ್ಟು ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅಂತ ಮಾಡೋದು, ತೊಂದ್ರೆ ಇಲ್ಲದ ಹೆರಿಗೆನೆಲ್ಲಾ ಅವರೇ ಸ್ವತಂತ್ರವಾಗಿ ನೋಡ್ಕೊಳ್ಳೋದು, ತೊಂದ್ರೆ ಕಂಡ್ರೆ ಡಾಕ್ಟ್ರಿಗೆ ಒಪ್ಪಿಸೋದು. ಹೆಂಗಸು ತನಗೆ ಬೇಕಾದ ಹಾಗೆ ಓಡಾಡ್ಬಹುದು, ಕೂತು ಇಲ್ಲಾ ಪಕ್ಕಕ್ಕೆ ಮಲಗಿ ಹೆರಬಹುದು, ಜೊತೆಗೆ ಅಮ್ಮನೋ ಅಕ್ಕನೋ ಒಬ್ರು ಇರಬಹುದು.

ಇದು ಯಾಕೆ ಬೇಕು ಅಂದ್ರೆ ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇ (ಎನ್‌ಎಫ್‌ಹೆಚ್‌ಎಸ್) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೇಲೇ ಆಗುತ್ತೆ, ಅದು ದೊಡ್ಡ ಸಾಧನೆ, ಆಶಾ ಅಕ್ಕಂದಿರು ಮನೆ ಮನೆ ಸುತ್ತಿದ್ದರ ಫಲ. ಆದ್ರೆ ಅದೇ ಸರ್ವೇಲಿ ನೂರಕ್ಕೆ 31.5 ಸಿಜೇರಿಯನ್. ಬೇಕಾದಾಗ ಸಿಜೇರಿಯನ್ ಜೀವ ಉಳಿಸುತ್ತೆ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಇಷ್ಟೊಂದು ಬೇಕಾ? ಇನ್ನು ತಾಯಂದಿರ ಸಾವು, 2018-20ರ ಲೆಕ್ಕದಲ್ಲಿ ಜೀವಂತ ಹುಟ್ಟಿದ ಲಕ್ಷ ಮಕ್ಕಳಿಗೆ ನಮ್ಮಲ್ಲಿ 69, ಪಕ್ಕದ ಕೇರಳದಲ್ಲಿ 19. ಈ ಎರಡು ಅಂಕಿ ಮಧ್ಯೆ ಇರೋ ಹೆಂಗಸರು ಯಾರು ಅಂತ ನಂಗೆ ಗೊತ್ತು, ಲೈನ್ ಮನೆಯಿಂದ, ಹಾಡಿಯಿಂದ, ಬಸ್ ಹೋಗದೇ ಇರೋ ಊರಿಂದ ಬರೋರು ಅವರು.

ಈ ಸಲ ಆ 18 ತಿಂಗಳ ಟ್ರೈನಿಂಗಿಗೆ ನಾನೂ ಅರ್ಜಿ ಹಾಕಿದೀನಿ. ಮನೇಲಿ ಸುಲಭ ಇರ್ಲಿಲ್ಲ. ಮಗಳು ಮೂರನೇ ಕ್ಲಾಸು, ಅವಳನ್ನ ಬಿಟ್ಟು ಬೇರೆ ಊರಲ್ಲಿ ಇರ್ಬೇಕು. ನಮ್ಮೆಜಮಾನ್ರು ಒಂದು ವಾರ ಏನೂ ಹೇಳ್ಲಿಲ್ಲ, ಆಮೇಲೆ ನಮ್ಮ ಸಭೆಯ ಪಾಸ್ಟರ್ ಅಯ್ಯನವರ ಹತ್ರ ಇಬ್ರೂ ಹೋಗಿ ಕೂತ್ವಿ. ಅಯ್ಯನವರು ಪ್ರಾರ್ಥನೆ ಮಾಡೋಕೆ ಮುಂಚೆ ಕೇಳಿದ್ದು, ಮಗು ಸ್ಕೂಲಿಂದ ಬಂದಾಗ ಮನೇಲಿ ಯಾರಿರ್ತಾರೆ ಅಂತ. ಅದು ಸರಿಯಾದ ಪ್ರಶ್ನೆ. ನಮ್ಮತ್ತೆ ನಾನಿರ್ತೀನಿ ಬಿಡಿ ಅಂದ್ರು. ಕಾಫಿ ಕುಯ್ಲು ಶುರುವಾದ್ರೆ ಅವರಿಗೂ ತೋಟದ ಕೆಲ್ಸ ಇರುತ್ತೆ, ಡಿಸೆಂಬರಿಂದ ಫೆಬ್ರವರಿ ತನಕ ನಮ್ಮ ತಂಗಿ ಬಂದು ಇರೋದು ಅಂತ ಮಾತಾಗಿದೆ. ಸರ್ವಿಸ್ ಸರ್ಟಿಫಿಕೇಟು, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ನು ಎಲ್ಲಾ ಝೆರಾಕ್ಸ್ ಮಾಡಿಸಿ ಕಳಿಸಿಯಾಗಿದೆ. ಲಿಸ್ಟ್ ಇನ್ನೂ ಬಂದಿಲ್ಲ, ನಿಮ್ಮ ಪ್ರಾರ್ಥನೇಲಿ ನೆನಪಿಟ್ಕೊಳ್ಳಿ. ನಾಳೆಯಿಂದ ಮತ್ತೆ ನೈಟ್ ಡ್ಯೂಟಿ ಇದೆ.